ಹಸುಗೂಸಿನ ಮುಂದೆ ಅಳುವವಳು

ನಮ್ಮ ಥ್ರೇಸ್ ನಾಡಿನ ಹೇಮುಸ್ ಬೆಟ್ಟದ ಹಳ್ಳಿಗಳಲ್ಲಿ ಮಗು ಹುಟ್ಟಿದರೆ ಮೊದಲು, ಅಳುವುದರಲ್ಲಿ ಎತ್ತಿದ ಕೈಯಾದ ಸೂದಿತಳಿಗೆ ಕರೆ ಹೋಗುತ್ತಿತ್ತು. ನೆಂಟರೆಲ್ಲ ಕೂಸಿನ ಸುತ್ತ ಕೂತು, ಅದು ಮುಂದೆ ಪಡಬೇಕಾದ ಪಾಡನ್ನು ಒಂದೊಂದಾಗಿ ಹೇಳಿ ಅಳಬೇಕು. ಸತ್ತವರನ್ನು ಮಾತ್ರ ನಗುನಗುತ್ತ ಮಣ್ಣು ಮಾಡುತ್ತೇವೆ. ಅವರ ಕಷ್ಟ ಮುಗಿಯಿತಲ್ಲ. ರೋಮಿನವರಿಗೆ ಇದು ತಮಾಷೆ. ಇರಲಿ, ಅವರು ಕಂಡದ್ದು ಅಷ್ಟೇ.

ಹಲ್ಲು ಬರುವ ನೋವಿನಿಂದ ಹಿಡಿದು ಮುದಿತನದ ಮಂಡಿನೋವಿನವರೆಗೆ ಸೂದಿತ ಒಂದನ್ನೂ ಬಿಡುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದಾಗ "ನಿಮ್ಮವ್ವನ ಕೈಯಡುಗೆ ತಿನ್ಬೇಕಲ್ಲೇ ನನ್ ತಾಯಿ!" ಎಂದು ಅತ್ತವಳು ಅವಳೇ. ಆ ಸಿಟ್ಟು ನನಗೆ ಇಂದಿಗೂ ಇದೆ.

ಆಮೇಲೆ ರೋಮಿನವರ ಅಪ್ಪಣೆ ಬಂತು. ಥ್ರೇಸಿನ ಗಂಡಸರು ತಮ್ಮ ನಾಯಕರ ಹಿಂದೆಯೇ ಯುದ್ಧಕ್ಕೆ ಹೋಗುವವರು, ಅದೂ ಅಕ್ಕಪಕ್ಕದ ಸೀಮೆಗೆ. ಇನ್ನು ಮೇಲೆ ಯಾರ್ಯಾರ ಜೊತೆಗೋ ಬೆರೆಸಿ ದೂರದೇಶದ ದಂಡಿಗೆ ಕಳಿಸುತ್ತಾರಂತೆ. ಒಪ್ಪದೆ ಊರಿಗೆ ಊರೇ ಬೆಟ್ಟದ ಕೋಟೆ ಹತ್ತಿತು. ರೋಮಿನವರು ಸುತ್ತ ಕಂದಕ ತೋಡಿ, ನಮಗಿದ್ದ ಒಂದೇ ಒರತೆಯನ್ನು ಕಸಿದುಕೊಂಡರು.

ಇಪ್ಪತ್ತನೆಯ ದಿನಕ್ಕೆ ದನಗಳು ಸತ್ತು ನಾರುತ್ತಿದ್ದವು. ಮುದುಕರು ಶರಣಾಗೋಣ ಎಂದರು. ಹರೆಯದವರು ತಮ್ಮ ಕತ್ತಿಗೆ ತಾವೇ ಎದೆಯೊಡ್ಡಿ ಸಾಯುವುದಾಗಿ ಆಣೆ ಇಟ್ಟರು. ಸೂದಿತಳ ಒಬ್ಬನೇ ಮಗ ದಿಜಪನೂ ಅವರಲ್ಲೊಬ್ಬ. ಅದೇ ಬೆಳಿಗ್ಗೆ ಅವನ ಹೆಂಡತಿ ಬ್ರೀಲೋ ಗಂಡುಮಗು ಹೆತ್ತಳು.

ನಾವು ಕೂಸಿನ ಸುತ್ತ ಕೂತೆವು. ಸೂದಿತ ಶುರು ಮಾಡಿದಳು: ಹಸಿವು, ಚಳಿ, ಜ್ವರ, ಬಾಯಾರಿಕೆ. ಕಣ್ಣಲ್ಲಿ ನೀರಿಲ್ಲ, ಬರೀ ಗಂಟಲು. ಅಲ್ಲಿಗೇ ನಿಲ್ಲಿಸಿದಳು.

"ಒಂದು ಬಿಟ್ಯಲ್ಲಕ್ಕ," ಎಂದೆ ನಾನು. "ಅಪ್ಪ ಇಲ್ದಿರೋ ಸಂಕಟ. ಅದನ್ನೂ ಹೇಳ್ಬೇಕು."

"ನಾನ್ಯಾಕೆ ಹೇಳ್ಲಿ? ಅದನ್ನ ಕೊಡೋನು ಇಲ್ಲೇ ನಿಂತವ್ನೆ, ಅವನೇ ಅಳ್ಲಿ."

ದಿಜಪ ಬಾಗಿಲಲ್ಲಿದ್ದ. "ಅವ್ವಾ, ಆಣೆ ಇಟ್ಟಿದೀನಿ ಕಣೆ."

"ಆಣೆ ನಿಂದು. ಕೂಸೂ ನಿಂದೇ. ಕೂತ್ಕೊ, ಹೇಳು."

ಅವನು ಕೂತ. "ಅಪ್ಪ ಇಲ್ದೆ..." ಎಂದು ಶುರುಮಾಡಿ ಕೂಸಿನ ಮುಖ ನೋಡಿದ. ಆಮೇಲೆ ಕತ್ತಿಯನ್ನು ಬ್ರೀಲೋ ಪಕ್ಕದಲ್ಲಿಟ್ಟು, ಎದ್ದು, ಶರಣಾಗಲು ಮುದುಕರ ಜೊತೆ ಬೆಟ್ಟ ಇಳಿದ. "ಥೂ, ಹೇಡಿ!" ಎಂದರು ಜೊತೆಗೆ ಆಣೆ ಇಟ್ಟಿದ್ದ ಗೆಳೆಯರು. ಉಗಿಯಲು ಅವರ ಬಾಯಲ್ಲಿ ಎಂಜಲೂ ಇರಲಿಲ್ಲ.

ಗೆಳೆಯರು ಆಣೆಯಂತೆಯೇ ಕತ್ತಿಗೆ ಎದೆಯೊಡ್ಡಿದರು. ಅವರನ್ನು ಅಲ್ಲೇ ಮಣ್ಣು ಮಾಡಿ, ಒಣಗಿದ ಗಂಟಲಲ್ಲೇ ನಕ್ಕೆವು. ಮಧ್ಯಾಹ್ನಕ್ಕೆ ನೀರು ಸಿಕ್ಕಿತು. ದಿಜಪನನ್ನು ಹಗ್ಗದ ಸಾಲಿಗೆ ಕಟ್ಟಿ ದಂಡಿಗೆ ಒಯ್ದರು. ರೈನ್ ನದಿಯ ಕಡೆಗೆಂದು ಒಬ್ಬರು, ಮರಳುಗಾಡಿಗೆಂದು ಇನ್ನೊಬ್ಬರು ಹೇಳಿದರು. ಅಂದು ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಹದಿನೆಂಟು ವರ್ಷ ಕಳೆಯಿತು. ಕೂಸು ಆಳೆತ್ತರ ಬೆಳೆಯಿತು, ಅಪ್ಪನ ಸುದ್ದಿಯಿಲ್ಲ. ಸತ್ತವರಿಗೆ ಮಾಡುವ ಔತಣವನ್ನು ಅವನಿಗೂ ಮಾಡಿಬಿಡೋಣವೆಂದು ನಾವೆಲ್ಲ ಕುರಿ, ದ್ರಾಕ್ಷಿಮದ್ಯ ಹೊತ್ತು ಸೂದಿತಳ ಮನೆಗೆ ಹೋದೆವು.

"ನಿನ್ ಮಗ ಕಷ್ಟದಿಂದ ಪಾರಾಗಿರ್ತಾನೆ. ನಗು ಸೂದಿತಕ್ಕ," ಎಂದೆ.

ಅವಳು ಹೊಸಿಲು ಬಿಟ್ಟು ಏಳಲಿಲ್ಲ.

"ಹೆಣ ತೋರ್ಸು, ನಗ್ತೀನಿ."