ಬೆಳಕವಾಡಿ ಮೋರಿಯ ಬಳಿ ಕಳೆಯದ ವಾಲೆ

ಅಕ್ಕನ ಮಗಳ ಬೀಗರೂಟಕ್ಕೆ ಬ್ಲಫ್ ಎಂಬ ಊರಿಗೆ ಹೋಗಬೇಕೆಂದು ಗೊತ್ತಾದ ಕೂಡಲೇ ಬೇರೆ ಯಾರಾದರೂ ಆಗಿದ್ದರೆ ಸೀರೆಯ ಯೋಚನೆ ಮಾಡುತ್ತಿದ್ದರು. ನಾನು ಫೋನು ತೆಗೆದು, ಆ ದಾರಿಯಲ್ಲಿ ಡಬ್ಬಿ ಇದೆಯೇ ಎಂದು ನೋಡಿದೆ. ಯಾರೋ ಗುರುತಿಲ್ಲದವರು ಊರೂರಲ್ಲಿ ಪುಟ್ಟ ಡಬ್ಬಿಗಳನ್ನು ಬಚ್ಚಿಟ್ಟು, ಆ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿರುತ್ತಾರೆ. ಹುಡುಕಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಜಿಯೋಕ್ಯಾಶಿಂಗ್ ಎಂದು ಹೆಸರು. ಬಹುಮಾನ ಏನೂ ಇಲ್ಲ. ಆದರೂ ನನಗೆ ಅದರ ಹುಚ್ಚು.

ನಕ್ಷೆಯಲ್ಲಿ ಬೆಳಕವಾಡಿ ಹತ್ತಿರ ನಾಲೆಯ ಮೋರಿಯ ಮೇಲೆ ಡಬ್ಬಿಯ ಒಂದು ಹಸಿರು ಚುಕ್ಕಿ ಕಂಡಿತು. ಮಂಡ್ಯದ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ನಮ್ಮ ಮನೆಯವರು ಕುಣಿಯಲಿಲ್ಲ. ಮದ್ದೂರಿನಲ್ಲಿ ನಾನು ಬೇಲಿಗೆ ಕೈಹಾಕಿ ಮುಳ್ಳು ಚುಚ್ಚಿಸಿಕೊಂಡಿದ್ದನ್ನೂ ಮಳವಳ್ಳಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಿದ್ದನ್ನೂ ಅವರು ನೋಡಿದ್ದರು. ಎರಡು ಕಡೆಯೂ ಬರಿಗೈ.

"ಈ ಸಲನೂ ಸಿಗ್ನಿಲ್ಲ ಅಂದ್ರೆ ಆ ಆಟನ ಫೋನಿಂದ ತೆಗ್ದಾಕ್ಬುಡು," ಎಂದರು.

ಸಿಟ್ಟಿನಲ್ಲಿ ಆಗಲಿ ಎಂದುಬಿಟ್ಟೆ.

ಭಾನುವಾರ ಬೆಳಕವಾಡಿ ಮೋರಿಯ ಹತ್ತಿರ ಸ್ಕೂಟರ್ ನಿಲ್ಲಿಸಿ ಅವರು ಟೀ ಅಂಗಡಿಯಲ್ಲಿ ಕೂತರು. ಟೀ ಮುಗಿದ ತಕ್ಷಣ ಹೊರಡುವುದು, ಬಾಡೂಟ ನಮಗಾಗಿ ಕಾಯುವುದಿಲ್ಲ ಎಂದು ತಾಕೀತು ಬೇರೆ. ನಾನು ರೇಷ್ಮೆ ಸೀರೆ ಎತ್ತಿಕಟ್ಟಿ ಮೋರಿಯ ಪಕ್ಕ ಬಗ್ಗಿದೆ. ಯಾರ ಕಣ್ಣಿಗೂ ಬೀಳಬಾರದು, ಬಿದ್ದರೆ ಡಬ್ಬಿ ಯಾರ ಪಾಲೋ ಆಗುತ್ತದೆ. ಆದರೆ ರೇಷ್ಮೆ ಸೀರೆಯ ಹೆಂಗಸು ನೆಲ ನೋಡುತ್ತಿದ್ದಾಳೆ ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

"ಏನ್ ಕಳ್ಕಂಡ್ಯವ್ವ, ವಾಲೆಯಾ?" ಎಂದಳು ಹುಲ್ಲಿನ ಹೊರೆ ಹೊತ್ತು ಬಂದ ಅಜ್ಜಿ.

ನಾನು ಕಿವಿಗಳ ಮೇಲೆ ಸೆರಗು ಎಳೆದುಕೊಂಡು ಹೂಂಗುಟ್ಟಿದೆ. ಮುಗಿಯಿತು ಕಥೆ. ಹೊರೆ ನೆಲಕ್ಕೆ ಬಿತ್ತು. ಬೈಕಿನಲ್ಲಿ ಹೋಗುತ್ತಿದ್ದವರು ನಿಂತರು. ಒಬ್ಬರು ಪಂಚೆ ಎತ್ತಿಕಟ್ಟಿ ನಾಲೆಗೇ ಇಳಿದರು. ಟೀ ಅಂಗಡಿಯವರೆಲ್ಲ ಬಂದರು, ಅವರ ಜೊತೆ ನಮ್ಮ ಮನೆಯವರೂ. ವಾಲೆ ಎಂಬ ಮಾತು ಕೇಳಿ ಅವರ ಮುಖ ಬಿಳಿಚಿಕೊಂಡಿತ್ತು. ಎಲ್ಲರಿಗಿಂತ ಶ್ರದ್ಧೆಯಿಂದ ಹುಲ್ಲು ಕೆದಕಿದವರು ಅವರೇ. ನನಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಅಳು ಎಂದುಕೊಂಡು ಇನ್ನೂ ಜೋರಾಗಿ ಹುಡುಕಿದರು.

ಅಷ್ಟರಲ್ಲಿ ಅಜ್ಜಿ ಹತ್ತಿರ ಬಂದು ಸೆರಗಿನೊಳಗೆ ಇಣುಕಿದಳು.

"ಎರಡೂ ಕಿವೀಲೇ ಅವಲ್ಲವ್ವ. ಉಡುಕ್ತಿರೋದು ಏನು, ನಿಜ ಯೋಳು."

ಪಿಸುಮಾತಿನಲ್ಲಿ ಎಲ್ಲ ಒಪ್ಪಿಸಿದೆ. ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳೋ ನಕ್ಕಳು. ಆಮೇಲೆ ಸೆರಗು ಅಗಲಿಸಿ ನನಗೆ ಮರೆಯಾಗಿ ನಿಂತಳು. ಮೋರಿಯ ಒಂದು ಕಲ್ಲು ಅಲ್ಲಾಡುತ್ತಿತ್ತು. ಅದರ ಹಿಂದೆ ಕೈಹಾಕಿದರೆ ಕಪ್ಪು ಟೇಪು ಸುತ್ತಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿ! ಚೀಟಿಯಲ್ಲಿ ನನ್ನ ಹೆಸರು ಬರೆದೆ, ಕೇಳಿಕೊಂಡು ಅಜ್ಜಿಯದನ್ನೂ ಬರೆದೆ. ಡಬ್ಬಿಯನ್ನು ಇದ್ದಲ್ಲೇ ಇಟ್ಟು ಕಲ್ಲು ಮುಚ್ಚಿದೆ.

ಸಿಕ್ಕ ಮೇಲೆ ಸದ್ದಿಲ್ಲದೆ ಹೊರಟುಬಿಡುವುದು ಈ ಆಟದ ಪದ್ಧತಿ. ನನ್ನಿಂದ ಆಗುತ್ತದೆಯೇ? ಒಂದು ವಾಲೆ ಬಿಚ್ಚಿ ಮೇಲೆತ್ತಿ ಹಿಡಿದು, ಗಂಟಲು ಹರಿಯುವಂತೆ ಸಿಕ್ತು ಸಿಕ್ತು ಎಂದು ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು ಬೆವರು ಒರೆಸಿಕೊಂಡು ಎಲ್ಲರಿಗೂ ಟೀ ಹೇಳಿದರು. ಅಜ್ಜಿ ಎಲ್ಲರಿಗಿಂತ ಗಟ್ಟಿಯಾಗಿ ದೇವರಿಗೆ ಕೈಮುಗಿದಳು.

ಬ್ಲಫ್ ದಾರಿಯಲ್ಲಿ ಅವರು ಸ್ಕೂಟರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಅಲ್ಲ ಕಣೆ, ಅಂಗೆ ಕೂಗ್ಕಂಡ್ಯಲ್ಲ, ಬರೀ ವಾಲೆಗಾ?"

"ಆಟ ಫೋನಲ್ಲೇ ಇರ್ತದೆ ಕಣ್ರೀ," ಎಂದೆ.

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎಷ್ಟು ನಕ್ಕರೆಂದರೆ ಸ್ಕೂಟರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಬೇಕಾಯಿತು.