ಕಂಬಳಿ ಅಕ್ಕನೂ ದೊಡ್ಡ ವಿಮಾನವೂ

"ದೊಡ್ಡ ವಿಮಾನ ಬಂತು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಹೊದಿಕೆ ಮೂಟೆ ಬಾಗಿಲಲ್ಲಿ ಬಿತ್ತು ಅಂದ್ರೆ ವಿಮಾನ ಬಂತು ಅಂತಲೇ. ದಿನಾ ಬರೋ ಸಣ್ಣ ವಿಮಾನಗಳಿಂದ ನಮಗೆ ಕವಡೆ ಕಾಸಿನ ಪ್ರಯೋಜನ ಇಲ್ಲ. ಹತ್ತಿ ಕೂತು ಬೆಲ್ಟ್ ಹಾಕ್ಕೊಳ್ಳೋದರೊಳಗೆ ಇಳಿಯೋ ಊರು ಬಂದಿರುತ್ತೆ, ಯಾರು ಹೊದ್ಕೊಂಡು ಮಲಗ್ತಾರೆ? ಸಮುದ್ರ ದಾಟೋರಿಗೇ ಹೊದಿಕೆ. ಆಕಾಶದಲ್ಲೇ ಮಲಗ್ತಾರೆ, ಜೊಲ್ಲು ಸುರಿಸ್ತಾರೆ, ಕಾಫಿ ಚೆಲ್ಕೊಳ್ತಾರೆ. ಅವರು ಗೊರಕೆ ಹೊಡೆದಷ್ಟೂ ನನ್ನ ಒಲೆ ಉರಿಯುತ್ತೆ. ಅದಕ್ಕೇ ನಾನು ಯಾರನ್ನಾದರೂ ಹರಸೋದಾದ್ರೆ, ಚೆನ್ನಾಗಿ ನಿದ್ದೆ ಮಾಡಿ ಕಣ್ರಪ್ಪಾ ಅಂತಲೇ ಹರಸ್ತೀನಿ. ಆದರೆ ಅದು ವರ್ಷವಿಡೀ ಬರೋ ವಿಮಾನ ಅಲ್ಲ ನೋಡಿ. ಅವರ ಊರಲ್ಲಿ ಹಿಮ ಬಿದ್ದಾಗ ನಮ್ಮ ಬಿಸಿಲು ಹುಡುಕ್ಕೊಂಡು ಬರ್ತಾರೆ, ಅಲ್ಲಿ ಬಿಸಿಲು ಬಂತೋ, ನಾವು ಯಾರೋ ಅವರು ಯಾರೋ. ಥೇಟ್ ನೆಂಟರ ಹಾಗೆ. ಬರ್ತೀವಿ ಅಂದದ್ದು ಬಂದ ಮೇಲೇ ಗ್ಯಾರಂಟಿ."

ಹೀಗೆ ಹೇಳುವಾಗಲೂ ಕಂಬಳಿ ಅಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಎರಡು ಮೂಲೆ ಹಿಡಿದು ಒಮ್ಮೆ ಕೊಡವಿದರೆ ಸಾಕು, ಅದು ತಾನಾಗಿ ಮಡಿಕೆಗೆ ಬಂದು ಕೂರುತ್ತಿತ್ತು. ವಿಮಾನ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಟೈರ್ ಅಂಗಡಿಗೆ ಒತ್ತಿಕೊಂಡಿರುವ ಲಾಂಡ್ರಿಯಲ್ಲಿ ಅವಳು ಕೆಲಸಕ್ಕೆ ಸೇರಿದ್ದು ಗಂಡ ಬದುಕಿದ್ದಾಗ. ಈಗ ತಲೆ ಅರ್ಧ ಬೆಳ್ಳಗಾಗಿದೆ. ಚಳಿಗಾಲದ ತಿಂಗಳುಗಳಲ್ಲಿ ದೊಡ್ಡ ವಿಮಾನದ ಹೊದಿಕೆ, ಉಳಿದ ಕಾಲದಲ್ಲಿ ಲಾಡ್ಜುಗಳ ಹಾಸು, ಪರದೆ. ಲಾಡ್ಜಿನ ಬಟ್ಟೆಯಿಂದ ಲಾಂಡ್ರಿ ಉಸಿರು ಹಿಡಿದುಕೊಂಡಿರುತ್ತಿತ್ತು, ಅಷ್ಟೆ. ಹೊಟ್ಟೆ ತುಂಬುತ್ತಿದ್ದದ್ದು ಹೊದಿಕೆಯಿಂದ.

ಆ ವರ್ಷ ಚಳಿ ಹತ್ತಿರ ಬಂದರೂ ವಿಮಾನದ ಕಂಪನಿಯಿಂದ ಸುದ್ದಿಯೇ ಇಲ್ಲ. ಮಾಲೀಕರು ಅವಳಿಗಿಂತ ಚಿಕ್ಕವರು, ಆಳುಗಳ ಮೇಲೆ ಕೂಗಾಡುವ ಜನವಲ್ಲ. ಒಂದು ದಿನ ಬಂದು ಪಕ್ಕದಲ್ಲಿ ನಿಂತರು.

"ಅಕ್ಕಾ, ನಿಮಗೇನನ್ನಿಸುತ್ತೆ? ಈ ಸಲ ಬರುತ್ತಾ?"

ಅವಳಿಗೆ ಬಾಯಿ ತಡೆಯಲಿಲ್ಲ. "ಏನೋಪ್ಪ ಸಾರ್. ಹೋದ ಸಲ ಕೊನೆಕೊನೆಗೆ ಹೊದಿಕೆಗಳು ನಾವು ಹಾಕಿ ಕಳಿಸಿದ ಕವರ್ ಕೂಡ ಬಿಚ್ಚದೆ ಹಾಗೇ ವಾಪಸ್ ಬರ್ತಿದ್ದವು. ಮೂಟೆಗಟ್ಟಲೆ. ಕೂರೋರೇ ಇಲ್ಲ ಅಂದ್ರೆ ವಿಮಾನ ಯಾಕೆ ಬರುತ್ತೆ?"

ಮಾಲೀಕರು ತಲೆಯಾಡಿಸಿ ಒಳಗೆ ಹೋದರು. ಮಾರನೆಯ ವಾರ ಗೊತ್ತಾಯಿತು, ದೊಡ್ಡ ಮಷೀನನ್ನು ಆಸ್ಪತ್ರೆಯವರಿಗೆ ಬಾಡಿಗೆಗೆ ಕೊಡಲು ಒಪ್ಪಿದ್ದಾರೆ ಅಂತ. ಆಸ್ಪತ್ರೆಯವರು ಒಗೆಯಲು ತಮ್ಮದೇ ಆಳುಗಳನ್ನು ಕಳಿಸುತ್ತಾರೆ. ಲಾಂಡ್ರಿಯಲ್ಲಿ ನಡೆಯುತ್ತಿದ್ದದ್ದು ಅದೊಂದೇ ಮಷೀನು, ಅಕ್ಕನಿಗೆ ಇನ್ನು ಕೆಲಸವಿಲ್ಲ. ಅಷ್ಟೇ ಅಲ್ಲ, ರೋಗಿಗಳ ಹಾಸು ಒಂದು ಸಲ ಬಿದ್ದ ಮಷೀನಿಗೆ ವಿಮಾನದವರು ತಮ್ಮ ಹೊದಿಕೆ ಹಾಕಗೊಡುವುದಿಲ್ಲ. ನಾಳೆ ವಿಮಾನವೇ ಮನಸ್ಸು ಬದಲಿಸಿ ಬಂದರೂ ಲಾಂಡ್ರಿಯ ಬಾಗಿಲು ಅದಕ್ಕೆ ಮುಚ್ಚಿದಂತೆ. ಕೂತ ಕೊಂಬೆಯನ್ನು ನಾನೇ ಕಡಿದುಕೊಂಡೆನಲ್ಲ ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಆಸ್ಪತ್ರೆಯ ಬಟ್ಟೆ ಬರುವ ಹಿಂದಿನ ಸಂಜೆ ನಾದಿನಿ ಬಂದಳು. ಅವಳೂ ವಿಮಾನದ ಅನ್ನ ತಿನ್ನುವವಳೇ. ಪ್ರಯಾಣಿಕರು ಇಳಿದ ಮೇಲೆ ಒಳಗೆ ಹೋಗಿ ಸೀಟು, ನೆಲ ಶುಚಿ ಮಾಡುವುದು ಅವಳ ಕೆಲಸ. ಅತ್ತಿಗೆಯ ಮುಖ ನೋಡಿದವಳೇ, "ಏನು, ಮೋಡ ಮನೆಯೊಳಗೇ ಕಟ್ಟಿದೆ?" ಅಂದಳು.

ಅಕ್ಕ ಎಲ್ಲ ಹೇಳಿದಳು. ಬಿಚ್ಚದ ಕವರಿನ ಮಾತು ಬಂದಾಗ ನಾದಿನಿ ಕೈಲಿದ್ದ ಲೋಟ ಕೆಳಗಿಟ್ಟಳು.

"ಅತ್ತಿಗೆ, ಸೀಟು ಖಾಲಿ ಅಂತ ನಿನಗೆ ಯಾರು ಹೇಳಿದ್ದು?"

"ಹೊದಿಕೆ ಹೇಳ್ತು."

"ಹೊದಿಕೆಗೂ ಬಾಯಿ ಬಂತಾ? ಕೊನೇ ವಾರ ನಾನು ಗುಡಿಸಿದ ಕಸ ನೋಡಬೇಕಿತ್ತು ನೀನು. ಒಂದು ಸೀಟೂ ಬಿಡದೆ ಗಲೀಜು. ಮೊದಲೆಲ್ಲ ಸೀಟಿಗೊಂದು ಹೊದಿಕೆ ಇಟ್ಟಿರ್ತಿದ್ರು. ಆಮೇಲೆ ಕೇಳಿದೋರಿಗೆ ಮಾತ್ರ ಕೊಡೋಕೆ ಶುರು ಮಾಡಿದ್ರು. ಇಲ್ಲಿ ಬಿಸಿಲಲ್ಲಿ ಬದನೆಕಾಯಿ ಥರ ಸುಟ್ಕೊಂಡು ಹೋಗೋರು ಹೊದಿಕೆ ಕೇಳ್ತಾರಾ?"

"ಮೊದಲೇ ಹೇಳೋಕೆ ನಿನಗೇನಾಗಿತ್ತು ಧಾಡಿ?"

"ನೀನು ಕೇಳಿದ್ದೆಯಾ? ಹೊದಿಕೆ ಜೊತೆ ಮಾತಾಡ್ತಾ ಕೂತಿದ್ದೆ."

ಬೆಳಿಗ್ಗೆ ಅಕ್ಕ ತನ್ನ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದವಳು, ಒಗೆಯದೆ ಹಾಗೇ ಬಿಟ್ಟು ಲಾಂಡ್ರಿಗೆ ಓಡಿದಳು. ಆಸ್ಪತ್ರೆಯ ಗಾಡಿ ಆಗಲೇ ಬಾಗಿಲಲ್ಲಿತ್ತು. ಆಳೊಬ್ಬ ಮೊದಲ ಮೂಟೆಯನ್ನು ಹೆಗಲಿಗೇರಿಸಿ ಒಳಗೆ ಬರುತ್ತಿದ್ದ, ಮಾಲೀಕರು ದಾರಿ ತೋರಿಸುತ್ತಿದ್ದರು. ಅಕ್ಕ ಹೋಗಿ ದೊಡ್ಡ ಮಷೀನಿನ ಬಾಯಿಗೆ ಬೆನ್ನು ಕೊಟ್ಟು ನಿಂತಳು.

"ಸಾರ್, ನಾನು ಹೇಳಿದ್ದು ತಪ್ಪು. ವಿಮಾನ ಗುಡಿಸೋ ನನ್ನ ನಾದಿನಿ ಹೇಳಿದ್ಲು, ಅದು ತುಂಬ್ಕೊಂಡೇ ಹೋಗ್ತಿತ್ತಂತೆ. ಒಂದು ಸಲ ಅವರಿಗೆ ಫೋನ್ ಮಾಡಿ ಕೇಳಿ. ಅವರು ಬರಲ್ಲ ಅಂದ್ರೆ ನಾನೇ ಪಕ್ಕಕ್ಕೆ ಸರೀತೀನಿ."

"ನೀವೇ ಅಲ್ವಾ ಅಕ್ಕಾ ಬರಲ್ಲ ಅಂದಿದ್ದು?"

"ಅಂದೆ. ಬುದ್ಧಿ ಮಂಡಿಗೆ ಇಳಿದಿತ್ತು."

ಮಾಲೀಕರು ನಗಲೂ ಆಗದೆ ಬಯ್ಯಲೂ ಆಗದೆ ಫೋನ್ ಹಿಡಿದು ರಸ್ತೆಗೆ ಹೋದರು. ಆಳು ಮೂಟೆ ಇಳಿಸಿ ಅದರ ಮೇಲೇ ಕೂತ. ಗಾಜಿನಾಚೆ ಮಾಲೀಕರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಕ್ಕ ಮಷೀನಿನ ಬಾಯಿಗೆ ಇನ್ನಷ್ಟು ಒತ್ತಿ ನಿಂತಳು.

ಒಳಗೆ ಬಂದವರು ಮೊದಲು ಕನ್ನಡಕ ಒರೆಸಿಕೊಂಡರು.

"ಬರ್ತಾರಂತೆ. ಇಲ್ಲಿ ಸೀಸನ್ ಇಲ್ಲದಾಗ ಆ ವಿಮಾನ ಬೇರೆ ಕಡೆ ದುಡೀತದಂತೆ. ಅಲ್ಲಿಂದ ಬಿಡುವಾಗೋದು ತಡ ಆಯ್ತು, ಅದಕ್ಕೇ ನಮಗೆ ಹೇಳಿರಲಿಲ್ಲ. ಈ ಸಲ ಒಂದು ತಿಂಗಳು ಕಡಿಮೆ."

"ಮುಂದಿನ ವರ್ಷ?"

"ಅದನ್ನ ಅವರೂ ಹೇಳಲ್ಲ. ಜನ ತುಂಬಿದರೆ, ಎಣ್ಣೆ ಬೆಲೆ ಏರದಿದ್ದರೆ, ಬಿಡುವಿನ ಕಾಲಕ್ಕೆ ಇನ್ನೊಂದು ಊರು ಸಿಕ್ಕರೆ ಅಂತಾರೆ. ರೆ, ರೆ, ರೆ."

ಅಕ್ಕನಿಗೆ ಅಷ್ಟು ಸಾಕಾಗಿತ್ತು. ಲಾಡ್ಜಿನ ಹಾಸು ಒಗೆದುಕೊಂಡು ಹೊದಿಕೆಗೆ ಕಾಯುವವಳಿಗೆ ಆ ವಿಮಾನದ ಪಾಡು ಬಿಡಿಸಿ ಹೇಳಬೇಕೆ? ಆಸ್ಪತ್ರೆಯ ಆಳು, "ನಮ್ಮ ಗತಿ ಏನು ಸ್ವಾಮಿ?" ಅಂದ. ಹಿಂದಿನ ಶೆಡ್ಡಿನಲ್ಲಿ ಕೆಟ್ಟು ಕೂತಿರುವ ಹಳೆಯ ಮಷೀನನ್ನು ರಿಪೇರಿ ಮಾಡಿಸಿ ಕೊಡುತ್ತೇನೆ, ನಿಮ್ಮ ದೊಡ್ಡವರ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಮಾಲೀಕರು ಗೊಣಗಿಕೊಂಡೇ ಒಪ್ಪಿಕೊಂಡರು. ಮೂಟೆ ಮತ್ತೆ ಗಾಡಿ ಏರಿತು. ಆಮೇಲೇ ಅಕ್ಕ ಮಷೀನಿನ ಬಾಗಿಲಿನಿಂದ ಬೆನ್ನು ತೆಗೆದದ್ದು.

"ಮನೆಗೆ ಹೋಗಿ ಅಕ್ಕಾ, ಇವತ್ತು ಕೆಲಸ ಇಲ್ಲ," ಅಂದರು ಮಾಲೀಕರು. "ಇನ್ನು ಮೇಲೆ ಏನಾದರೂ ಕಂಡರೆ ಮೊದಲು ನಿಮ್ಮ ನಾದಿನೀನ ಕೇಳಿ."

ನಾದಿನಿ ಸಂಜೆ ಬಂದು ಹೇಗೆ ಆಡಿಕೊಳ್ಳುತ್ತಾಳೋ ಎಂದು ನೆನೆದು ದಾರಿಯುದ್ದಕ್ಕೂ ಅಕ್ಕನಿಗೆ ಒಬ್ಬಳಿಗೇ ನಗು. ಮನೆಗೆ ಬಂದಾಗ ಬಕೆಟ್ಟಿನ ನೊರೆ ಪೂರ್ತಿ ಇಳಿದುಹೋಗಿತ್ತು. ಸೆರಗು ಸಿಕ್ಕಿಸಿಕೊಂಡು ಕಲ್ಲಿನ ಮುಂದೆ ಕೂತು ಒಂದೊಂದೇ ಬಟ್ಟೆ ಉಜ್ಜಿದಳು, ಜಾಲಿಸಿದಳು. ಟವೆಲನ್ನು ಗಟ್ಟಿಯಾಗಿ ಹಿಂಡಿ, ಒಮ್ಮೆ ಕೊಡವಿ, ತಂತಿಯ ಮೇಲೆ ಹರವಿದಳು.