ಬಾಗಿಲಾಚೆಯ ಎದುರು ಪಕ್ಷ

ಮೊದಲು ನಾನು ಉತ್ತರ ಹೇಳಿದೆ, ಆಮೇಲೆ ಆಂಬುಲೆನ್ಸ್ ಬಂತು. ಬಹಳ ಕಾಲ ಇದೇ ಕ್ರಮದಲ್ಲಿ ನೆನಪಿಟ್ಟುಕೊಂಡಿದ್ದೆ.

ಮಲೇಷ್ಯಾದ ಪುಚೊಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಆಗ ಎರಡು ರಾಜ್ಯಗಳಿದ್ದವು. ಕೋವಿಡ್ ವಾರ್ಡಿನ ಡಾಕ್ಟರಾಗಿದ್ದ ನನ್ನ ಗಂಡ ತಾವೇ ಸೋಂಕು ತಗುಲಿಸಿಕೊಂಡು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಈಚೆ ಹಾಲಿನಲ್ಲಿ ನಾನು ಮತ್ತು ಮಗಳು. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ನಾನು ಅಡುಗೆಮನೆ ಸೇರಿದ ಮೇಲಷ್ಟೇ ಆ ಬಾಗಿಲು ತೆರೆಯುತ್ತಿತ್ತು.

ಮಗಳ ಶಾಲೆ ಲ್ಯಾಪ್‌ಟಾಪಿನಲ್ಲಿ. ಅಮೆರಿಕದ ಚುನಾವಣೆಯ ಪಾಠ. ಮನೆಯವರನ್ನೇ ಎರಡು ಪಕ್ಷ ಮಾಡಿ ವಾದಿಸಬೇಕು, ಆ ವಾದವನ್ನು ತರಗತಿಯಲ್ಲಿ ಆಡಿ ತೋರಿಸಬೇಕು. ವಿಷಯ, ರೋಗಿಯ ಖರ್ಚು ಸರ್ಕಾರ ಭರಿಸಬೇಕೇ. ಅವಳು ಭರಿಸಬೇಕೆನ್ನುವ ಕತ್ತೆ ಗುರುತಿನ ಪಕ್ಷ ಹಿಡಿದು ಅಪ್ಪನಿಗೆ ಬೇಡವೆನ್ನುವ ಆನೆ ಗುರುತಿನದನ್ನು ಬಿಟ್ಟಳು.

"ಕತ್ತೆ ಚಾಕರಿ ಮಾಡುವವ ನಾನು, ನನಗೆ ಆನೆಯಾ?" ಎಂದರು ಒಳಗಿನಿಂದ.

"ಯೂ ಆರ್ ದಿ ಅದರ್ ಸೈಡ್ ಲಾ, ಅಪ್ಪಾ."

ರೋಗಿಯ ಕೈಯಲ್ಲಿ ಹಣವಿದೆಯೇ ಎಂದು ಎಂದೂ ಕೇಳದವರು, ಕೇಳಲೇಬೇಕೆಂದು ವಾದಿಸಿದರು. ನಡುನಡುವೆ ಕೆಮ್ಮು. ಇದ್ದ ಒಬ್ಬಳೇ ಮತದಾರಳು ನಾನು. ಮೂರನೆಯ ಪಕ್ಷದವರು ಯಾರೂ ಇಲ್ಲವೇ ಎಂದೆ.

"ಇದ್ದಾರೆ," ಎಂದರು ಅವರು. "ಅವರಿಗೆ ಹಾಕಿದ ಓಟು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಂತ ಮಾರಾಯ್ತಿ, ಈ ಕಡೆಯಾ, ಆ ಕಡೆಯಾ?"

"ನಾಳೆ ಹೇಳ್ತೇನೆ."

ಇಲ್ಲಿಂದ ಮುಂದೆ ನನ್ನನ್ನು ಪೂರ್ತಿ ನಂಬಬೇಡಿ. ಒಗ್ಗರಣೆ ಹಾಕುತ್ತಿದ್ದೆ. ಮುಚ್ಚಿದ ಬಾಗಿಲ ಹಿಂದೆ ಕೆಮ್ಮು, ಆಮೇಲೆ "ಎಂತ ಮಾರಾಯ್ತಿ, ಓಟು ಯಾರಿಗೆ?" ಸೌಟು ಹಿಡಿದೇ ಹೋಗಿ, "ನಿಮಗೇ, ಮತ್ಯಾರಿಗೆ," ಎಂದೆ. ಒಳಗೆ ಮಾತಿಲ್ಲ. ಆಮೇಲೆ ಆಂಬುಲೆನ್ಸ್. ಆಸ್ಪತ್ರೆಯಿಂದ ಅವರು ಮರಳಲಿಲ್ಲ, ಮುಖ ನೋಡಲೂ ನಮ್ಮನ್ನು ಬಿಡಲಿಲ್ಲ. ಉತ್ತರ ಕೇಳಿಸಿಕೊಂಡು ಹೋದರಲ್ಲ, ಅಷ್ಟರ ಮೇಲೆ ಕಾಲೂರಿ ನಿಂತಿದ್ದೆ.

ನಿರ್ಬಂಧಗಳೆಲ್ಲ ಸಡಿಲಾದ ಮೇಲೆ, ಒಂದು ಬೆಳಿಗ್ಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ಹರಿಯುತ್ತ ಕೂತಿದ್ದೆವು. ಗೋಡೆಯ ಟಿವಿಯಲ್ಲಿ ಅಮೆರಿಕದ ಚುನಾವಣೆಯ ನಕ್ಷೆ, ಮತ್ತೆ ಅದೇ ಎರಡು ಪಕ್ಷಗಳ ಕೆಂಪು, ನೀಲಿ. ನಿಮ್ಮಪ್ಪನಿಗೆ ನನ್ನ ಓಟು ಸಿಕ್ಕಿತ್ತು, ನೆನಪಿದೆಯಾ ಎಂದು ಮಗಳನ್ನು ಕೇಳಿದೆ.

ಅವಳು ಚಹಾದ ಲೋಟ ತಿರುಗಿಸುತ್ತ ಕೂತಳು. "ಅಮ್ಮಾ, ದಟ್ ವಾಸ್ ಮೀ. ಅಪ್ಪ ವಾಸ್ ಆಲ್‌ರೆಡಿ ಇನ್ ಹಾಸ್ಪಿಟಲ್."

ಅಪ್ಪನನ್ನು ಕರೆದೊಯ್ದ ಮೇಲೆ ತೊಳೆದು ಒಣಗಿಸಿದ ಆ ಕೋಣೆಯಲ್ಲಿ ಕೂತು, ತರಗತಿಗಾಗಿ ಎರಡೂ ಪಕ್ಷದ ಮಾತನ್ನು ಅವಳೊಬ್ಬಳೇ ಅಭ್ಯಾಸ ಮಾಡುತ್ತಿದ್ದಳಂತೆ.

"ಕೆಮ್ಮು?"

"ಅದೂ ನಾನೇ." ಅಷ್ಟನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

ನಿನ್ನದೂ ನೆನಪೇ ತಾನೆ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಮನೆಗೆ ಬಂದು ಆ ಕೋಣೆಯ ಬಾಗಿಲು ಹಾಕಿ ಈಚೆ ನಿಂತೆ. ಉತ್ತರ ಬಾಯಲ್ಲೇ ಇತ್ತು. ಒಳಗಿನಿಂದ ಮೊದಲು ಪ್ರಶ್ನೆ ಬರಲಿ ಎಂದು ಕಾದೆ.